ಬಹರೇನ್‌ಗೆ ನಲವತ್ತು ನಿಮಿಷ

ದೋಹಾ
5 ಅಕ್ಟೋಬರ್ 1984

ಚಿ. ಸೌ. ಶಾರದೆಗೆ,

ನಾನು ಕ್ಷೇಮ. ಹೀಗೆ ಬರೆದ ಮೇಲೆ ಮುಂದಿನ ಸಾಲಿನಿಂದಲೇ ದೂರು ಶುರು ಮಾಡುತ್ತೇನೆ ಎಂದು ನಿನಗೆ ಗೊತ್ತೇ ಇದೆ.

ನಿನ್ನೆ ಕಂಪೆನಿಯ ಆಫೀಸಿಗೆ ಹೋಗಿ ನನ್ನ ಪಾಸ್‌ಪೋರ್ಟ್ ಕೇಳಿದೆ. ಒಂಬತ್ತು ವರ್ಷದಿಂದ ಅದು ಅವರ ಬೀರುವಿನಲ್ಲೇ ಇದೆ, ಊರಿಗೆ ಹೋಗುವಾಗ ಮಾತ್ರ ಅದರ ಮುಖ ನೋಡುತ್ತೇನೆ. ಅಲ್ಲಿ ಸತ್ಯನಾರಾಯಣ ಅಂತ ಕೋಲಾರದವರೊಬ್ಬರು ಗುಮಾಸ್ತರು. "ಎಲ್ಲಿಗೆ ಸಾರ್?" ಅಂದರು.

"ಬಹರೇನ್‌ಗೆ. ಮೂರು ದಿನ."

"ಕೆಲಸದ ವೀಸಾದಲ್ಲಿರೋ ನಮ್ಮಂಥೋರಿಗೆ ಪಕ್ಕದ ದೇಶ ಅಂದ್ರೂ ಒಂದೇ, ಅಮೆರಿಕಾ ಅಂದ್ರೂ ಒಂದೇ ಸಾರ್. ಇಲ್ಲಿಂದ ಹೊರಡೋಕೆ ನಮ್ಮ ಸಾಹೇಬರು ಅಭ್ಯಂತರ ಇಲ್ಲ ಅಂತ ಪತ್ರ ಕೊಡಬೇಕು. ಅಲ್ಲಿ ಇಳಿಯೋಕೆ ಅಲ್ಲಿರೋರು ಯಾರಾದ್ರೂ ನಿಮ್ಮನ್ನ ಕರೆಸ್ಕೋಬೇಕು. ಯಾರಿದಾರೆ ಅಲ್ಲಿ?"

"ಹೆಂಡತಿ."

ಅವರ ಮುಖ ಅರಳಿತು. "ಹಾಗಾದ್ರೆ ಸುಲಭ! ಮೇಡಂ ಪಾಸ್‌ಪೋರ್ಟಿಂದು ಒಂದು ಕಾಪಿ ತರಿಸಿಬಿಡಿ."

ನಾನು ಆಮೇಲೆ ಬರುತ್ತೇನೆ ಎಂದು ಎದ್ದು ಬಂದೆ.

ನಿಮ್ಮಮ್ಮನ ಪಾಸ್‌ಪೋರ್ಟಿನಲ್ಲಿ ಏನಿದೆ ಎಂದು ನಿನಗೆ ಗೊತ್ತು. ಕಸ್ತೂರಿ, ತಂದೆಯ ಹೆಸರು ಇಂಥದ್ದು, ಗಂಡನ ಹೆಸರಿನ ಜಾಗ ಖಾಲಿ. 1976ರಲ್ಲಿ ಬಾಂಬೆಯ ಏಜೆಂಟು, ಬಹರೇನಿನ ಆಸ್ಪತ್ರೆಯವರು ಮದುವೆಯಾಗದ ನರ್ಸುಗಳನ್ನೇ ಕೇಳಿದ್ದಾರೆ, ಹಾಸ್ಟೆಲ್ಲಿನಲ್ಲಿರಬೇಕು, ಒಂದು ಸುಳ್ಳು ತಾನೇ ಅಂದ. ನಾನಾಗ ದೋಹಾಕ್ಕೆ ಬಂದು ಒಂದು ವರ್ಷವಾಗಿತ್ತು. ಅವಳು ಮೈಸೂರಿನಲ್ಲಿ ನಿನ್ನ ಸ್ಕೂಲಿನ ಅಟ್ಲಾಸ್ ತೆಗೆದು ದೋಹಾ ಬಹರೇನ್ ಮೇಲೆ ಕಿರುಬೆರಳಿಟ್ಟಳಂತೆ. ಎರಡೂ ಬೆರಳಿನಡಿ ಮುಚ್ಚಿಹೋದವಂತೆ. "ಮೈಸೂರು ಮಂಡ್ಯ ಇದ್ದ ಹಾಗೆ ಕಣ್ರೀ, ಶುಕ್ರವಾರ ಶುಕ್ರವಾರ ರಜೆಗೆ ಬರಬಹುದು" ಎಂದು ನನಗೆ ಬರೆದಳು. ನಾನೂ ಹೂಂ ಅಂದೆ. ನನ್ನ ಹತ್ತಿರ ಬರುವುದಕ್ಕೋಸ್ಕರ ನನ್ನ ಹೆಸರು ಬಿಟ್ಟು ಸಹಿ ಹಾಕಿದಳು. ವಿಮಾನದಲ್ಲಿ ನಲವತ್ತು ನಿಮಿಷದ ದಾರಿ. ಈ ಎಂಟು ವರ್ಷದಲ್ಲಿ ಒಂದು ಶುಕ್ರವಾರವೂ ನಮಗೆ ಸಿಕ್ಕಿಲ್ಲ. ಇಬ್ಬರ ರಜೆಯೂ ಕೂಡಿಬಂದು ಮೈಸೂರಿನಲ್ಲಿ ನಾಲ್ಕು ಸಲ ಸೇರಿದ್ದೇವೆ, ಅದರಲ್ಲಿ ಒಂದು ನಿನ್ನ ಮದುವೆ.

ಹಾಸ್ಟೆಲ್ಲಿಗೆ ದೋಹಾದಿಂದ ಗಂಡಸಿನ ಹೆಸರಲ್ಲಿ ಕಾಗದ ಹೋದರೆ ಮೇಟ್ರನ್ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಅವಳಿಗೆ ಬರೆದದ್ದನ್ನು ಎಂದಿನಂತೆ ಇದರೊಳಗೆ ಇಟ್ಟಿದ್ದೇನೆ, ನಿನ್ನ ಲಕೋಟೆಗೆ ಹಾಕಿ ಕಳಿಸು. ನೆರೆಮನೆಗೆ ಹೋಗಬೇಕಾದ ಕಾಗದ ಆಸ್ಟ್ರೇಲಿಯಾ ಸುತ್ತಿಕೊಂಡು ಹೋಗಲಿ. ನೀನು ಬರೆಯುವಾಗಲೂ ಜೋಪಾನ. ಅಲ್ಲಿ ನೀನು ಅವಳ ಅಕ್ಕನ ಮಗಳು. ಅವಳ ಕೋಣೆಯಲ್ಲಿರುವ ಮಂಗಳೂರಿನ ಹುಡುಗಿಗೆ ಕನ್ನಡ ಓದಲು ಬರುತ್ತದೆ.

ನಮ್ಮ ಡಾಕ್ಟರ್ ಅಳಿಯ ಉಮಾಕಾಂತರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ನಾಗೇಂದ್ರ


ಮಾಡ್ಬರಿ, ಅಡಿಲೇಡ್
24 ಅಕ್ಟೋಬರ್ 1984

ಪ್ರೀತಿಯ ಚಿಕ್ಕಮ್ಮನಿಗೆ,

ಇದರೊಳಗೆ ಅಂಟಿಸಿದ ಇನ್ನೊಂದು ಚಿಕ್ಕ ಲಕೋಟೆ ಇದೆ. ಯಾರದೆಂದು ಹೇಳಬೇಕಾಗಿಲ್ಲ.

ನೀನು ಕೇಳಿದ್ದ ದಪ್ಪ ಬಿಳಿ ಸ್ಟಾಕಿಂಗ್ಸ್ ಆರು ಜೊತೆ ಟೀ ಟ್ರೀ ಪ್ಲಾಜಾದಲ್ಲಿ ಸಿಕ್ಕಿತು, ಬೇರೆ ಪಾರ್ಸೆಲ್ ಮಾಡಿ ಕಳಿಸಿದ್ದೇನೆ. ಬೇಸಿಗೆ ಬರೋ ಹೊತ್ತಿನಲ್ಲಿ ಇಷ್ಟು ದಪ್ಪದ್ದು ಯಾಕೆ ಎಂದು ಅಂಗಡಿಯವಳೇ ಕೇಳಿದಳು. ನಿಮ್ಮ ಆ ಸೆಕೆಯಲ್ಲಿ ತೆಳುವಾದದ್ದು ಹಾಕಿಕೊಳ್ಳಬಾರದಾ? ಹೋದ ಸಲದ್ದೂ ಬೆರಳ ಹತ್ತಿರವೇ ಹರಿಯಿತು ಅಂದೆಯಲ್ಲ, ಶೂ ಬಿಗಿಯೇನೋ, ನೋಡಿಕೊ.

ಇನ್ನೊಂದು ಸಮಾಚಾರ. ನಾನು ಬಸುರಿ. ಜೂನ್ ಕೊನೆಗೆ ಅಂತೆ. ನೀನು ಚಿಕ್ಕಜ್ಜಿ ಆಗ್ತೀಯ.

ಇವರು ಆರು ವಾರದ ಕೆಲಸಕ್ಕೆ ಬ್ರಿಸ್ಬೇನಿನ ಒಂದು ಆಸ್ಪತ್ರೆಗೆ ಹೋಗಿದ್ದಾರೆ. ಇಲ್ಲಿಂದ ಸಾವಿರದಾರುನೂರು ಕಿಲೋಮೀಟರ್. ಹೋದ ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿ, "ಫ್ಲೈಟ್ ಸಿಕ್ಬಿಡ್ತು, ಬರ್ತಿದೀನಿ, ಸಾರು ಮಾಡಿಡು" ಅಂದರು. ಬಂದರು. ಎರಡು ದಿನ ಇದ್ದು ಹೋದರು. ಯಾರೂ ಅವರನ್ನು ಎಲ್ಲಿಗೆ, ಯಾಕೆ, ಯಾರ ಪತ್ರ ತಂದಿದ್ದೀಯ ಎಂದು ಕೇಳಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಬಸುರಿಯರು ಹಾಗೆಯೇ ಎಂದು ಇವರು ಅಂದುಕೊಂಡರು.

ಹೋದ ಸಲ ಕಳಿಸಿದ ಫೋಟೋದಲ್ಲಿ ತುಂಬ ಸೊರಗಿದ್ದೀಯ. ಸರಿಯಾಗಿ ಊಟ ಮಾಡು ಚಿಕ್ಕಮ್ಮ.

ನಿನ್ನ ಅಕ್ಕನ ಮಗಳು,
ಶಾರದಾ


ಮನಾಮ, ಬಹರೇನ್
18 ನವೆಂಬರ್ 1984

ನನ್ನ ಶಾರೀ,

ಇದನ್ನು ನಾನೇ ಪೋಸ್ಟ್ ಮಾಡ್ತಿದೀನಿ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ಓದಿ ಹರಿದು ಹಾಕು.

ನಿನ್ನ ಕಾಗದ ಓದಿ ವಾರ್ಡಿನಲ್ಲೇ ಕೂಗಿ ಹೇಳಬೇಕು ಅನ್ನಿಸಿತು. ಬಾಯಿ ಕಟ್ಟಿಕೊಂಡು ಕೋಣೆಗೆ ಬಂದು ಸುಲೋಚನಾಗೆ "ನನ್ನ ಅಕ್ಕನ ಮಗಳು ಬಸುರಿ ಕಣೇ" ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಎದ್ದುಹೋಗಿ ಸಕ್ಕರೆ ತಂದು ಬಾಯಿಗೆ ಹಾಕಿ ನನ್ನ ತಬ್ಬಿಕೊಂಡಳು. ಅಕ್ಕನ ಮಗಳಿಗೇ ಇಷ್ಟು ಸಂಭ್ರಮ ಪಡೋ ಹುಡುಗಿ, ನಿಜ ಗೊತ್ತಾದರೆ ಇನ್ನೇನು ಮಾಡ್ತಿದ್ದಳೋ!

ಬಾಣಂತನಕ್ಕೆ ಯಾರೂ ಇಲ್ಲ ಅಂತ ಹೆದರಬೇಡ. ಮೆಂತ್ಯದ ಹಿಟ್ಟು, ಒಣಶುಂಠಿ ಎಲ್ಲ ಇಲ್ಲಿಂದಲೇ ಕಳಿಸ್ತೀನಿ. ನಿಮ್ಮ ಕಸ್ಟಮ್ಸಿನವರು ತಿಂದುಕೊಳ್ಳದೆ ಬಿಟ್ಟರೆ ನಿನ್ನ ಪುಣ್ಯ.

ಅಳಿಯಂದಿರನ್ನು ಒಂದು ಮಾತು ಕೇಳಿ ಬರಿ. ನಮ್ಮ ವಾರ್ಡಿನಲ್ಲಿ ಒಬ್ಬರು ಪೇಷೆಂಟ್, ನಲವತ್ತೇಳು ವಯಸ್ಸು. ಹೊಟ್ಟೆ ಉಬ್ಬರ, ಊಟ ಸೇರಲ್ಲ, ಮೂರು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದಾರೆ. ಅಂಥವರಿಗೆ ನಿಮ್ಮಲ್ಲಿ ಮೊದಲು ಏನು ಮಾಡ್ತಾರೆ? ಪಾಪ, ಆಕೆಗೆ ಹೇಳಿಕೊಳ್ಳೋಕೆ ಈ ಊರಿನಲ್ಲಿ ತನ್ನವರು ಅಂತ ಯಾರೂ ಇಲ್ಲ.

ಅಮ್ಮ


ಮಾಡ್ಬರಿ
20 ಫೆಬ್ರವರಿ 1985

ತೀರ್ಥರೂಪು ಅಪ್ಪನಿಗೆ,

ಇದನ್ನು ಕೂತುಕೊಂಡು ಓದಿ.

ನವೆಂಬರಿನಲ್ಲಿ ಅಮ್ಮ ಇವರಿಗೆ ಯಾರೋ ಪೇಷೆಂಟಿನ ವಿಷಯ ಕೇಳಿ ಬರೆದಿದ್ದಳು. ಇವರು ಓದಿ ಕಾಗದ ಕೆಳಗಿಟ್ಟು, "ನಲವತ್ತೇಳು ಯಾರ ವಯಸ್ಸು ಶಾರದಾ?" ಅಂದರು. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿದರು. ಜನವರಿಯಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ಅಂಡಾಶಯದ ಕ್ಯಾನ್ಸರ್. ತೆರೆದು ನೋಡಿ, ಮಾಡುವುದಕ್ಕೆ ಹೆಚ್ಚೇನೂ ಇಲ್ಲ ಎಂದು ಮುಚ್ಚಿದರಂತೆ. ನಿಮಗೆ ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಳು. ನಾನು ಆಣೆ ಮುರಿಯುತ್ತಿದ್ದೇನೆ. ಇವರು ಹೇಳುವ ಪ್ರಕಾರ ಉಳಿದಿರುವುದು ಕೆಲವು ತಿಂಗಳು.

ಇಲ್ಲಿಗೆ ಕರೆಸಿಕೊಳ್ಳೋಣವೆಂದು ಅರ್ಜಿ ತಂದೆವು. ವಿಮಾನದಲ್ಲಿ ಕೂರುವ ಸ್ಥಿತಿಯಲ್ಲಿ ಇಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು. ನಾನೇ ಹೋಗೋಣವೆಂದರೆ ನನಗೆ ಐದು ತಿಂಗಳು, ಬಿ.ಪಿ. ಏರಿದೆ, ಮನೆಯಿಂದ ಹೊರಗೇ ಬಿಡುತ್ತಿಲ್ಲ. ಅವಳ ಹತ್ತಿರ ಇರುವವರು ನೀವೊಬ್ಬರೇ ಅಪ್ಪ.

ದಾರಿ ಒಂದಿದೆ. ಹಾಸ್ಟೆಲ್ಲಿನ ನರ್ಸುಗಳನ್ನು ನೋಡಲು ತಂದೆ ಅಥವಾ ಅಣ್ಣತಮ್ಮಂದಿರು ಬರುವುದಾದರೆ ಆಸ್ಪತ್ರೆಯೇ ಮೂರು ದಿನದ ವಿಸಿಟ್ ವೀಸಾಕ್ಕೆ ಪತ್ರ ಕೊಡುತ್ತದೆ. ದೋಹಾದಲ್ಲಿ ದೊಡ್ಡಪ್ಪನ ಮಗ ಇದ್ದಾನೆ, ಸ್ವಂತ ಅಣ್ಣನ ಹಾಗೆ ಎಂದು ಅಮ್ಮ ಮೇಟ್ರನ್‌ಗೆ ಹೇಳಿ ಪತ್ರ ತಗೊಂಡಿದ್ದಾಳೆ. ಅದು ಇದರ ಜೊತೆಗಿದೆ. ನೀವು ಫಾರಂನಲ್ಲಿ 'ಸಂಬಂಧ' ಎನ್ನುವ ಕಡೆ 'ಅಣ್ಣ' ಎಂದು ಬರೆದು ಸಹಿ ಹಾಕಿದರೆ ಆಯಿತು.

ದಯವಿಟ್ಟು ತಡ ಮಾಡಬೇಡಿ.

ನಿಮ್ಮ ಮಗಳು,
ಶಾರದಾ


ದೋಹಾ
6 ಮಾರ್ಚ್ 1985

ಶಾರದಾ,

ಆಗುವುದಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಕೈಹಿಡಿದವಳನ್ನು ತಂಗಿ ಎಂದು ಬರೆದುಕೊಡಲೇ? ಬಾಯಿತಪ್ಪಿ ಬಂದರೂ ನಾಲಿಗೆ ಕಚ್ಚಿಕೊಳ್ಳುವ ಮಾತು. ಅದನ್ನು ಸರ್ಕಾರದ ಕಾಗದದ ಮೇಲೆ ಬರೆದು ಕೆಳಗೆ ನನ್ನ ರುಜು ಹಾಕಲೇ? ನಾನು ನೀರು ಪರೀಕ್ಷಿಸುವ ಲ್ಯಾಬಿನವನು. ಉಪ್ಪು ಎಷ್ಟಿದೆಯೋ ಅಷ್ಟೇ ಬರೆದು ಅಭ್ಯಾಸ.

ಗಂಡನೆಂದೇ ಹೋಗುತ್ತೇನೆ. ನಮ್ಮ ಮದುವೆ ರಿಜಿಸ್ಟರ್ ಆಗಿಲ್ಲ, ಆಗೆಲ್ಲ ಯಾರು ಮಾಡಿಸುತ್ತಿದ್ದರು? ಲಗ್ನಪತ್ರಿಕೆ ಇದೆ, ಫೋಟೋ ಇದೆ. ಮೈಸೂರಿನಲ್ಲಿ ನನ್ನ ತಮ್ಮ ರಾಜಗೋಪಾಲನಿಗೆ ಬರೆದಿದ್ದೇನೆ. ಮದುವೆ ಮಾಡಿಸಿದ ಪುರೋಹಿತರು ಇನ್ನೂ ಇದ್ದಾರೆ. ಅವರಿಂದ ಒಂದು ಪತ್ರ ಬರೆಸಿ ನೋಟರಿಯ ಮುದ್ರೆ ಹಾಕಿಸಿ ಕಳಿಸುತ್ತಾನೆ. ಒಂದು ತಿಂಗಳು ಬೇಕು.

ಕೋಪದಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನನಗೆ ಭಯವಾಗಿದೆ ಮಗಳೇ. ಒಂದು ಸುಳ್ಳಿಗೆ ಒಂಬತ್ತು ವರ್ಷ ಹೋಯಿತು. ಇನ್ನೊಂದು ಬರೆದರೆ ಏನು ಹೋಗುತ್ತದೋ ಅನ್ನಿಸುತ್ತದೆ.

ಈ ಸಲ ಅವಳಿಗೆ ಬೇರೆ ಕಾಗದ ಇಟ್ಟಿಲ್ಲ. ಮೂರು ಸಲ ಬರೆಯಲು ಕೂತು ಎದ್ದೆ.

ಅಪ್ಪ


ಮನಾಮ
28 ಮಾರ್ಚ್ 1985

ಶಾರೀ,

ಅಕ್ಷರ ಸೊಟ್ಟಗಿದ್ದರೆ ಹಾಸಿಗೆಯಲ್ಲಿ ಒರಗಿ ಬರೀತಿದೀನಿ ಅಂತ ತಿಳಿ. ನೀನು ಆಣೆ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಮುರೀತೀಯ ಅಂತ ಗೊತ್ತಿದ್ದೇ ಹಾಕಿಸಿದ್ದೆ.

ಇದನ್ನು ನಿಮ್ಮಪ್ಪನಿಗೆ ಹಾಗೇ ಕಳಿಸು.

ನೋಡ್ರೀ, ನೀವು ಗಂಡ ಅಂತ ಸಾಬೀತು ಮಾಡಿಕೊಂಡು ಬಂದರೆ ಆಸ್ಪತ್ರೆಯವರು ಮೊದಲು ನನ್ನ ಕಡತ ತೆಗೀತಾರೆ. ಸುಳ್ಳು ಹೇಳಿ ಸೇರಿದವಳು ಅಂತ ಈ ಹಾಸಿಗೆಯಿಂದ ಎಬ್ಬಿಸಿದರೆ ನಾನು ಎಲ್ಲಿಗೆ ಹೋಗಲಿ? ಪುರೋಹಿತರ ಪತ್ರ ಬರೋ ಹೊತ್ತಿಗೆ ನಾನಿರಬೇಕಲ್ಲ.

ಒಂಬತ್ತು ವರ್ಷ ಮದುವೆಯಾಗದ ಹುಡುಗಿ ಅಂತ ಇದ್ದೆ. ಹಬ್ಬದ ದಿನ ಯಾರಾದರೂ ಕಸ್ತೂರಿಗೊಂದು ಗಂಡು ನೋಡೋಣ ಅಂತ ತಮಾಷೆ ಮಾಡಿದರೆ ಜೊತೆಯಲ್ಲಿ ನಕ್ಕೆ. ಹೆತ್ತ ಮಗಳ ಕೈಲಿ ಚಿಕ್ಕಮ್ಮ ಅನ್ನಿಸಿಕೊಂಡೆ. ನಿಮಗೆ ಮೂರು ದಿನ ಅಣ್ಣನಾಗೋಕೆ ಆಗಲ್ವಾ?

ಮೇಟ್ರನ್ ಕೊಟ್ಟ ಪತ್ರದ ಅವಧಿ ಮೇ ಹದಿನೈದಕ್ಕೆ ಮುಗಿಯುತ್ತೆ. ನನಗೆ ನಿಮ್ಮನ್ನು ನೋಡಬೇಕು. ಇಷ್ಟೇ.

ಕಸ್ತೂರಿ


ದೋಹಾ
16 ಮೇ 1985

ಶಾರದೆಗೆ,

ಹೋಗಿಬಂದೆ.

ಸತ್ಯನಾರಾಯಣ ಫಾರಂ ತುಂಬಲು ಟೈಪ್‌ರೈಟರ್ ಮುಂದೆ ಕೂತರು. 'ಸಂಬಂಧ' ಎನ್ನುವಲ್ಲಿಗೆ ಬಂದು ನನ್ನ ಮುಖ ನೋಡಿದರು. ಅಕ್ಟೋಬರಿನಲ್ಲಿ ನಾನು ಹೇಳಿದ್ದು ಅವರಿಗೆ ನೆನಪಿತ್ತು. "ಅಣ್ಣ ಅಂತ ಹಾಕಿ" ಅಂದೆ. ಪುಣ್ಯಾತ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಾವೇ ಟೈಪ್ ಮಾಡಿದ್ದರಿಂದ ನಾನು ಕೈಯಾರೆ ಬರೆಯುವುದು ತಪ್ಪಿತು. ಸಹಿ ಮಾತ್ರ ನನ್ನದು.

ವಿಮಾನದಲ್ಲಿ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಇಳಿಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೋಡುವ ಹೊತ್ತು ಸಂಜೆ ನಾಲ್ಕರಿಂದ ಆರು. ಮೇಟ್ರನ್ ಮುಂದೆ, ನಾನು ಹಿಂದೆ. ನಿಮ್ಮಮ್ಮ ಎಷ್ಟು ಚಿಕ್ಕವಳಾಗಿದ್ದಾಳೆ ಎಂದರೆ, ಹಾಸಿಗೆಯಲ್ಲಿ ಯಾರೂ ಇಲ್ಲ ಎಂದು ಮೊದಲು ಅನ್ನಿಸಿತು. ನನ್ನನ್ನು ನೋಡಿ ಇಡೀ ವಾರ್ಡಿಗೆ ಕೇಳುವ ಹಾಗೆ "ಬಾ ಅಣ್ಣಾ, ಕೂತ್ಕೋ" ಅಂದಳು. ನನ್ನ ಜೀವ ಹೋದ ಹಾಗಾಯಿತು. ಅವಳ ಕಣ್ಣಲ್ಲಿ ಮಾತ್ರ ನಗು. ನಮ್ಮ ಮದುವೆಯ ಹೊಸದರಲ್ಲಿ ನನ್ನನ್ನು ಬೇಕೆಂದೇ ಸಿಕ್ಕಿಸಿಹಾಕಿ ನಗುತ್ತಿದ್ದಳಲ್ಲ, ಅದೇ ನಗು.

ಮೊದಲ ದಿನ ಮೇಟ್ರನ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತರು, ಅವರಿಗೆ ಕನ್ನಡ ಎಷ್ಟು ತಿಳಿಯುತ್ತದೋ ಎಂದು ನಮಗೆ ಅಂಜಿಕೆ. ನಾವು ರಾಜಗೋಪಾಲ ಕಟ್ಟಿಸುತ್ತಿರುವ ಮನೆಯ ವಿಷಯ ಮಾತಾಡಿದೆವು. ಎರಡನೆಯ ದಿನ ನಿನ್ನ ಬಸುರಿನ ವಿಷಯ. "ನಮ್ಮಕ್ಕನ ಮಗಳು ಧೈರ್ಯಸ್ಥೆ" ಎಂದು ಅವಳು, ಹೌದೌದು ಎಂದು ನಾನು. ಎರಡು ವರ್ಷದ ಮೇಲೆ ಸಿಕ್ಕಿದ ಹೆಂಡತಿ, ಇನ್ನು ಸಿಗಲಾರಳು. ನಾನು ಸಿಮೆಂಟಿನ ಬೆಲೆ ಹೇಳುತ್ತಾ ಕೂತಿದ್ದೆ.

ಮೂರನೆಯ ದಿನ ಆರು ಗಂಟೆಗೆ ಸ್ವಲ್ಪ ಮುಂಚೆ ಮೇಟ್ರನ್ ಕಿಟಕಿಯ ಕಡೆ ಹೋದರು. ನಿಮ್ಮಮ್ಮ ಹೊದಿಕೆಯಿಂದ ಕಾಲು ಹೊರಗೆ ಚಾಚಿದಳು. ಎರಡೂ ಕಾಲಿನ ಬೆರಳಲ್ಲಿ ಕಾಲುಂಗುರ ಇತ್ತು ಶಾರದಾ. ತಾಳಿಯನ್ನು ನಿನ್ನ ಕೈಗೆ ಬಿಚ್ಚಿಕೊಟ್ಟು ಹೋದವಳು ಇವನ್ನು ತೆಗೆದೇ ಇರಲಿಲ್ಲ. "ಸ್ಟಾಕಿಂಗ್ಸ್ ಒಳಗೆ ಯಾರು ನೋಡ್ತಾರೆ?" ಎಂದು ಪಿಸುಗುಟ್ಟಿದಳು. ಒಂಬತ್ತು ವರ್ಷ, ಆ ಸೆಕೆಯಲ್ಲಿ, ಬೆರಳ ಹತ್ತಿರ ಹರಿದದ್ದನ್ನು ಹೊಲಿದುಕೊಂಡು ಹಾಕಿಕೊಂಡಿದ್ದಾಳೆ.

ನಾನು ಅವಳ ಎರಡೂ ಪಾದ ಹಿಡಿದುಕೊಂಡು ಅತ್ತೆ. ಅಣ್ಣಂದಿರು ತಂಗಿಯ ಕಾಲು ಹಿಡಿಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮೇಟ್ರನ್ ತಿರುಗಿ ನೋಡಿದರು. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಅವತ್ತು ಆರೂಕಾಲಿನವರೆಗೆ ನನ್ನನ್ನು ಯಾರೂ ಏಳಿಸಲಿಲ್ಲ.

ಮಾರ್ಚಿನಲ್ಲೇ ಹೋಗಿದ್ದರೆ ಅವಳು ಎದ್ದು ಓಡಾಡುತ್ತಿದ್ದಳು. ನಿನ್ನ ಮಾತು ಕೇಳಲಿಲ್ಲ, ತಪ್ಪು ಮಾಡಿದೆ.

ಅಪ್ಪ


ಮನಾಮ
7 ಜೂನ್ 1985

ಪ್ರಿಯ ಶಾರದಾ ಅವರಿಗೆ,

ನನ್ನ ಟೆಲಿಗ್ರಾಂ ನಿಮಗೆ ತಲುಪಿರಬಹುದು. ನಾನು ಸುಲೋಚನಾ, ಕಸ್ತೂರಕ್ಕನ ಕೋಣೆಯವಳು. ಜೂನ್ ಒಂದನೇ ತಾರೀಕು ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರು ಹೋದರು. ನೋವು ಇರಲಿಲ್ಲ, ನೋವಿನ ಔಷಧಿ ಕೊಡುತ್ತಿದ್ದದ್ದು ನಾನೇ.

ದೋಹಾಕ್ಕೂ ಅದೇ ಹೊತ್ತಿಗೆ ತಂತಿ ಕೊಟ್ಟೆ. ಒಮ್ಮೆ ವಿಸಿಟ್ ವೀಸಾ ಕೊಟ್ಟವರಿಗೆ ಮೂರು ತಿಂಗಳು ಕಳೆಯದೆ ಇನ್ನೊಂದು ಇಲ್ಲ ಎಂದು ಆಫೀಸಿನವರು ಹೇಳಿದರು. ತೀರಿಹೋಗಿದ್ದಾರೆ ಮಾರಾಯ್ರೆ, ಅಣ್ಣ ಮುಖ ನೋಡುವುದು ಬೇಡವಾ ಎಂದು ಕೇಳಿದೆ. ಅದಕ್ಕೆ ಬೇರೆ ನಿಯಮ ಇಲ್ಲವಂತೆ. ಇಲ್ಲಿನ ನಮ್ಮವರು ಸೇರಿ ಹಿಂದೂ ಸ್ಮಶಾನದಲ್ಲಿ ಎಲ್ಲ ಕ್ರಮದಲ್ಲೇ ಮಾಡಿದರು.

ಒಂದು ವಿಷಯ ನಿಮಗೆ ಹೇಳಲೇಬೇಕು. ಅವರಿಗೆ ನಾನು ಹಸಿರು ಬಳೆ ತೊಡಿಸಿ, ಕುಂಕುಮ ಇಟ್ಟು, ಹೂ ಮುಡಿಸಿ ಕಳಿಸಿದೆ. ಕಾಲುಂಗುರ ತೆಗೆದು ಅವರ ಸಾಮಾನಿನ ಜೊತೆ ಇಡಬೇಕಾ ಎಂದು ಮೇಟ್ರನ್ ಕೇಳಿದರು. ಬೇಡ, ಅದು ತೆಗೆಯುವಂಥದ್ದಲ್ಲ ಎಂದೆ. ಅವರು ಹಾಗೇ ಬಿಟ್ಟರು. ಆದರೆ ಆಸ್ಪತ್ರೆಯ ಕಾಗದದಲ್ಲಿ ಅವಿವಾಹಿತೆ ಎಂದೇ ಉಂಟು, ಅದನ್ನು ಬದಲಿಸಲು ನನ್ನಿಂದ ಆಗಲಿಲ್ಲ.

ಎಂಟು ವರ್ಷ ಒಂದೇ ಕೋಣೆಯಲ್ಲಿ ಇದ್ದವಳು ನಾನು. ಕಾಲುಂಗುರ ನೋಡದೆ ಇರುತ್ತೇನಾ? ಮೊದಲ ವಾರವೇ ನೋಡಿದ್ದೆ. ನಿಮ್ಮ ಕಾಗದ ಬಂದ ದಿನ ಅವರ ಮುಖ ನೋಡಿದವರಿಗೆ ನೀವು ಯಾರೆಂದು ಬೇರೆ ಹೇಳಬೇಕಾ? ಅವರಾಗಿ ಹೇಳದೆ ನಾನು ಹೇಗೆ ಕೇಳುವುದು? ನನಗೆ ಗೊತ್ತುಂಟು ಎಂದು ತಿಳಿದರೆ ಅವರಿಗೆ ಇನ್ನೂ ಹೆದರಿಕೆ ಎಂದು ಸುಮ್ಮನಿದ್ದೆ. ಈಗ ಅದು ತಪ್ಪಾಯಿತು ಎಂದು ಕಾಣುತ್ತದೆ.

ನಾನು ಓದುತ್ತೇನೆಂಬ ಹೆದರಿಕೆಯಿಂದ ನೀವು ಚಿಕ್ಕಮ್ಮ ಎಂದು ಬರೆಯುತ್ತಿದ್ದಿರಿ. ನೀವು ಅಮ್ಮ ಎಂದೇ ಬರೆಯಬಹುದಿತ್ತು.

ನೀವು ಕಳಿಸಿದ ಸ್ಟಾಕಿಂಗ್ಸ್‌ನಲ್ಲಿ ಎರಡು ಜೊತೆ ಹಾಗೇ ಉಳಿದಿದೆ. ನಾನು ಇಟ್ಟುಕೊಳ್ಳಲಾ?

ಇತಿ,
ಸುಲೋಚನಾ


ಮಾಡ್ಬರಿ
11 ಆಗಸ್ಟ್ 1985

ಅಪ್ಪಾ,

ನಿಮ್ಮ ಮೊಮ್ಮಗಳಿಗೆ ಇವತ್ತಿಗೆ ಏಳು ವಾರ. ಹಟ ನೋಡಿದರೆ ನಿಮ್ಮದೇ. ನಗು ಅಮ್ಮನದು ಎಂದು ಇವರು ಹೇಳುತ್ತಾರೆ. ಇಷ್ಟು ಬೇಗ ಹೇಗೆ ಗೊತ್ತಾಗುತ್ತೆ ಎಂದು ನಾನು ಜಗಳ ಆಡುತ್ತೇನೆ, ಆಮೇಲೆ ಹೋಗಿ ತೊಟ್ಟಿಲಲ್ಲಿ ಇಣುಕುತ್ತೇನೆ.

ನೀವು ಇಲ್ಲಿಗೆ ಬರಲು ಹಾಕಿದ ಅರ್ಜಿ ವಾಪಸ್ ಬಂದಿದೆ. ವಿವಾಹಿತರೇ, ಅವಿವಾಹಿತರೇ, ವಿಧುರರೇ ಎಂದು ಕೇಳುವ ಕಡೆ ನೀವು ಏನೂ ಬರೆದಿಲ್ಲವಂತೆ. ಅಮ್ಮ ಬಿಟ್ಟ ಹಾಗೆ ನೀವೂ ಆ ಜಾಗ ಖಾಲಿ ಬಿಟ್ಟಿದ್ದೀರಿ. ಬೇಕೆಂದೇ ಬಿಟ್ಟಿರಿ ಎಂದು ನನಗೆ ಗೊತ್ತು.

ಆಸ್ಪತ್ರೆಯ ಕಾಗದದಲ್ಲಿ ಅಮ್ಮ ಅವಿವಾಹಿತೆ ಎಂದು ಇರುವುದಕ್ಕೆ ಏನು ಮಾಡುವುದೆಂದು ಇಲ್ಲಿ ವಿಚಾರಿಸಿದೆ. ನಿಜ ತಿಳಿದವರು ಬರೆದು, ಜೆ.ಪಿ. ಎನ್ನುವ ಅಧಿಕಾರ ಇರುವವರೊಬ್ಬರ ಎದುರು ಸಹಿ ಹಾಕಬೇಕಂತೆ. ನಮ್ಮ ಔಷಧಿ ಅಂಗಡಿಯ ಮುದುಕರೇ ಜೆ.ಪಿ. ಮಗುವನ್ನು ಎತ್ತಿಕೊಂಡು ನಿನ್ನೆ ಹೋದೆ. ನಾನು ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು. ಕಸ್ತೂರಿ ನನ್ನ ತಾಯಿ. ನಾಗೇಂದ್ರ ನನ್ನ ತಂದೆ. ಅವರು 1959ರಲ್ಲಿ ಮೈಸೂರಿನಲ್ಲಿ ಮದುವೆಯಾದರು, ಆಕೆ ತೀರಿಕೊಳ್ಳುವವರೆಗೂ ಗಂಡಹೆಂಡಿರಾಗಿದ್ದರು. "ಇದೆಲ್ಲ ನಿಜ ತಾನೇ?" ಎಂದು ಕೇಳಿದರು. ಅವರು ಎಲ್ಲರನ್ನೂ ಕೇಳುವ ಪ್ರಶ್ನೆ. ನನಗೆ ಅಳು ತಡೆಯಲಿಲ್ಲ. ಹಿಂದೆ ನಿಂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡಳು, ನಾನು ಸಹಿ ಹಾಕಿದೆ.

ಆ ಕಾಗದವನ್ನೂ ಹೊಸ ಫಾರಮನ್ನೂ ಇದರ ಜೊತೆ ಇಟ್ಟಿದ್ದೇನೆ. ಪರ್ತ್‌ನಲ್ಲಿ ವಿಮಾನ ಬದಲಾಯಿಸಬೇಕು. ಇವರ ಜೊತೆ ಓದಿದ ಡಾಕ್ಟರ್ ಜಯಮಾಲಾ ಅಲ್ಲೇ ಇದ್ದಾರೆ, ಬಂದು ಕಾಯುತ್ತಾರೆ. ಅಮ್ಮನ ತಾಳಿ ನನ್ನ ಬೀರುವಿನಲ್ಲಿದೆ, ನೀವು ಬಂದ ಮೇಲೆ ಏನು ಮಾಡುವುದೆಂದು ಇಬ್ಬರೂ ಯೋಚಿಸೋಣ.

ಫಾರಂ ಸತ್ಯನಾರಾಯಣ ಅವರ ಕೈಲಿ ಟೈಪ್ ಮಾಡಿಸಬೇಡಿ. ಆ ಒಂದು ಕಾಲಂ ನೀವೇ ಕೈಯಾರೆ ಬರೆಯಿರಿ. ವಿಧುರ ಎಂದು ಬರೆಯಬೇಕು ಅಪ್ಪ. ಕೈ ಬರುವುದಿಲ್ಲ, ಗೊತ್ತು. ಆದರೆ ಅಮ್ಮ ನಿಮ್ಮ ಹೆಂಡತಿಯಾಗಿದ್ದಳು ಎಂದು ಹೇಳುವ ಮಾತು ಆ ಫಾರಂನಲ್ಲಿ ಅದೊಂದೇ ಇದೆ.

ನಿಮ್ಮ ಮತ್ತು ಅಮ್ಮನ ಮಗಳು,
ಶಾರದಾ